ಅರ್ಥವಿಲ್ಲದ ಡಬ್ಬಿ

ತಿಳವಳ್ಳಿಯಲ್ಲಿ ಟ್ರ್ಯಾಕ್ಟರು ಇಟ್ಟವರು ಬೇರೆಯವರೂ ಇದ್ದರು. ಆದರೆ ಅದರ ಹಿಂದಿನ ಡಬ್ಬಿಗೆ, ಅಂದರೆ ಟ್ರೇಲರಿಗೆ, ಕೆಂಪು ದೀಪ ಹಾಕಿಸಿದ ಮೊದಲಿಗ ತಾನೇ ಎಂಬುದು ಮಹಾಲಿಂಗಪ್ಪನ ದೊಡ್ಡಸ್ತಿಕೆ. ೧೯೭೯ರಲ್ಲಿ ಆ ಕಡೆಯ ಉಳಿದ ಡಬ್ಬಿಗಳೆಲ್ಲ ಕತ್ತಲಾದರೆ ದೇವರ ಮೇಲೆ ಭಾರ ಹಾಕಿ ಓಡುತ್ತಿದ್ದವು. ದೇವರಿಗೆ ಬೇರೆ ಕೆಲಸವೂ ಇರುತ್ತದಲ್ಲ! ಮಹಾಲಿಂಗಪ್ಪನ ಹೆಂಡತಿ ಸರೋಜವ್ವನ ತಮ್ಮ ಚನ್ನವೀರಪ್ಪ ಒಂದು ಮುಸ್ಸಂಜೆ ಹಿರೇಕೆರೂರಿನ ಹಾದಿಯಲ್ಲಿ, ದೀಪವಿಲ್ಲದೆ ನಿಂತಿದ್ದ ಯಾರದೋ ಡಬ್ಬಿಗೆ ಸೈಕಲ್ ಗುದ್ದಿ ಕಾಲು ಮುರಿದುಕೊಂಡ. ಅಂದಿನಿಂದ ಅವನಿಗೆ ಕಬ್ಬಿಣದ ಕೋಲೇ ಗತಿ. ದೀಪ ಹಾಕಿಸಿದ್ದು ಸರೋಜವ್ವನ ಹಟಕ್ಕೆ, ದೊಡ್ಡಸ್ತಿಕೆ ಮಾತ್ರ ಗಂಡನದು.

ಮಗಳು ಅನ್ನವ್ವನನ್ನು ಹುಲಗೂರಿಗೆ ಕೊಡುವ ಮಾತುಕತೆಯಾಯಿತು. ಹೊಲ ನೋಡಲು ಅದೇ ಡಬ್ಬಿಯಲ್ಲಿ ಕುಳಿತು ಹೋದ ಬೀಗರು ಇಳಿಯುವಾಗ ಒಂದು ಮಾತು ಆಡಿದರು.

“ನಿಮ್ಮ ಡಬ್ಬಿ ಭಾಳ ಖಡಖಡ ಅಂತೈತಲ್ರಿ. ಹಳೇದೇನು?”

ಮಹಾಲಿಂಗಪ್ಪನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. “ಮದುವಿ ನಿಬ್ಬಣ ಇದರಾಗ ಬರ್ತೈತ್ರಿ ಬೀಗರ, ಸಪ್ಪಳ ಕೇಳಿಸಿದ್ರ ಕೇಳ್ರಿ” ಎಂದು ಆಣೆ ಹಾಕಿದಷ್ಟು ಗಟ್ಟಿಯಾಗಿ ಹೇಳಿಬಿಟ್ಟ. ಮರುದಿನವೇ ಡಬ್ಬಿಗೆ ಹಸಿರು ಬಣ್ಣ ಬಂತು, ಒಣಗುವ ಮೊದಲೇ ಇನ್ನೊಂದು ಕೈ. ಟ್ರ್ಯಾಕ್ಟರಿಗೂ ಡಬ್ಬಿಗೂ ಗಂಟು ಹಾಕುವ ಕೊಂಡಿಯನ್ನೂ ಬಿಡಲಿಲ್ಲ. ಆಮೇಲೆ ಕೊಂಡಿಯ ಗೂಟಕ್ಕೆ ಹಳೆಯ ಸೈಕಲ್ ಟ್ಯೂಬನ್ನು ತನ್ನ ಕೈಯಾರೆ, ಕೂಸಿಗೆ ಕುಲಾವಿ ಕಟ್ಟುವಷ್ಟು ಅಕ್ಕರೆಯಿಂದ ಸುತ್ತಿದ. ಸಪ್ಪಳ ಸತ್ತಿತು. ಜೊತೆಗೆ ದೀಪವೂ ಸತ್ತಿತು.

“ದೀಪ ಹತ್ತಲಿಲ್ಲಂದ್ರ ನನ್ನ ಮಗಳು ಅದರಾಗ ಕುಂದ್ರೂದಿಲ್ಲ” ಎಂದಳು ಸರೋಜವ್ವ. “ನಾವು ಬಸ್ಸಿನ್ಯಾಗ ಹೊಕ್ಕೇವಿ. ನೀವು ನಿಮ್ಮ ಡಬ್ಬಿ ಕರಕೊಂಡು ಹಿಂದಿಂದ ಬರ್ರಿ.”

ಹೆಣ್ಣಿನ ತಂದೆ ಖಾಲಿ ಡಬ್ಬಿ ಎಳೆದುಕೊಂಡು ಬೀಗರ ಊರು ಹೊಗುವುದೆಂದರೆ! ಮಹಾಲಿಂಗಪ್ಪ ಡ್ರೈವರ್ ಮಾಳಪ್ಪನನ್ನು ಎಬ್ಬಿಸಿಕೊಂಡು ಹಾನಗಲ್ಲಿಗೆ ಓಡಿದ.

ಅಲ್ಲಿನ ಮಿಸ್ತ್ರಿ ಉಸ್ಮಾನಸಾಬ ವೈರು ಎಳೆದು ನೋಡಿದ, ಬಲ್ಬು ಬಿಚ್ಚಿ ಟ್ರ್ಯಾಕ್ಟರಿನ ಮೈಗೆ ಹಿಡಿದ. ಹತ್ತಿತು. ಡಬ್ಬಿಯ ಮೈಗೆ ಹಿಡಿದ. ಹತ್ತಲಿಲ್ಲ.

“ಕರೆಂಟ್ ಬರಾಕತ್ತೈತ್ರಿ ಗೌಡ್ರ. ನಿಮ್ಮ ಡಬ್ಬಿಗೆ ಅರ್ಥ ಇಲ್ರಿ.”

ಅವನು ಹೇಳಿದ್ದು ಮಿಸ್ತ್ರಿಗಳ ಅರ್ಥ: ವೈರಿನಲ್ಲಿ ಹೋದ ಕರೆಂಟು ಕಬ್ಬಿಣದ ಮೈ ಹಿಡಿದು ಬ್ಯಾಟರಿಗೆ ಮರಳುವ ಹಾದಿ. ಇಂಗ್ಲಿಷಿನ ‘ಅರ್ತ್’ ಎಂಬ ಮಾತು ಹಾನಗಲ್ಲಿನ ಬಾಯಲ್ಲಿ ಸವೆದು ಹಾಗಾಗಿತ್ತು. ಮಹಾಲಿಂಗಪ್ಪ ಕೇಳಿಸಿಕೊಂಡದ್ದು ಅಪ್ಪಟ ಕನ್ನಡದ ಅರ್ಥ.

“ಏನಂದ್ರಿ ಸಾಬ್ರ? ಅರ್ಥ ಇಲ್ಲ?”

“ಒಂಚೂರೂ ಇಲ್ರಿ. ಬಣ್ಣಾ ಬಡದು ಇದ್ದದ್ದೂ ಕೆಡಿಸೀರಿ.”

ಮುಂದಿನ ಮಾತಿಗೆ ಮಹಾಲಿಂಗಪ್ಪ ನಿಲ್ಲಲಿಲ್ಲ. ಅಷ್ಟು ಮರ್ಯಾದೆಯೇ ಅವನಿಗೆ ಸಾಕಾಗಿತ್ತು. ಟ್ರ್ಯಾಕ್ಟರು ಶಿಗ್ಗಾವಿಗೆ ತಿರುಗಿತು. ಅಲ್ಲಿಯ ಮಿಸ್ತ್ರಿ ಸವಣೂರಿನ ಎಲೆ ಮೆಲ್ಲುತ್ತ ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಉಗುಳಿ ಬಂದು ಕೇಳಿದ: “ಇದಕ್ಕ ಅರ್ಥ ಎಲ್ಲೈತ್ರಿ?”

ಮಹಾಲಿಂಗಪ್ಪನಿಗೆ ಎಲ್ಲ ಹೊಳೆಯಿತು. ಹಾನಗಲ್ಲಿನವರು ತನಗಿಂತ ಮೊದಲೇ ಶಿಗ್ಗಾವಿಗೆ ಸುದ್ದಿ ಮುಟ್ಟಿಸಿದ್ದಾರೆ! ಹೊಸ ವೈರು, ಹೊಸ ಬಲ್ಬು ಕೊಂಡು ಊರಿಗೆ ಮರಳಿ, ತಾನೇ ಮಿಸ್ತ್ರಿಯಾದ. ಕುಣಿಯಲಾರದವಳಿಗೆ ನೆಲ ಡೊಂಕು. ಬಲ್ಬನ್ನು ಬೈದ, ವೈರನ್ನು ಬೈದ, ಕೊನೆಗೆ ಮಾಳಪ್ಪನನ್ನು ಬೈದ. ದೀಪ ಯಾವುದಕ್ಕೂ ಕಣ್ಣು ತೆರೆಯಲಿಲ್ಲ.

ನಿಬ್ಬಣ ಹೊರಡುವ ಮಧ್ಯಾಹ್ನ ಡಬ್ಬಿಯಲ್ಲಿ ಹುಲ್ಲು ಹರವಿ ಜಮಖಾನ ಹಾಸಿತ್ತು, ಹತ್ತುವವರಿಲ್ಲ. ಸರೋಜವ್ವ ಮಗಳ ಕೈ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಬಸ್ಸಿನ ಹೊತ್ತಾಗುತ್ತಿತ್ತು. ಮಾಳಪ್ಪ ಸುಮ್ಮನೆ ಸ್ವಿಚ್ಚು ಹಾಕಿಯೇ ಇಟ್ಟಿದ್ದ. ಹಿರೇಕೆರೂರಿನಿಂದ ಬಂದಿದ್ದ ಚನ್ನವೀರಪ್ಪ ನಿಂತು ನಿಂತು ಸೋತು, ಟ್ರ್ಯಾಕ್ಟರಿನ ಹಿಂದೆ ಕಲ್ಲಿನ ಮೇಲೆ ಕುಳಿತು ಕೋಲನ್ನು ಅಡ್ಡ ಚಾಚಿದ. ಅದರ ಒಂದು ತುದಿ ಟ್ರ್ಯಾಕ್ಟರಿನ ಕಬ್ಬಿಣಕ್ಕೆ, ಇನ್ನೊಂದು ತುದಿ ಡಬ್ಬಿಯಲ್ಲಿ ಬಣ್ಣ ಕಿತ್ತ ಜಾಗಕ್ಕೆ ತಾಕಿತು.

“ಅವ್ವಾ, ದೀಪ ಹತ್ತೇತಿ!” ಎಂದು ಅನ್ನವ್ವ ಕೂಗಿದಳು.

ನೋಡಲೆಂದು ಚನ್ನವೀರಪ್ಪ ಕೋಲೂರಿ ಎದ್ದ. ಆರಿತು. ಕುಳಿತು ಕೋಲು ಚಾಚಿದ. ಹತ್ತಿತು.

“ಸೋದರಮಾವನ ಕಾಲ್ಗುಣ!” ಎಂದರು ಹೆಂಗಸರು. ಆ ಕಾಲನ್ನು ನೋಡಿ ಅವರೇ ನಾಲಿಗೆ ಕಚ್ಚಿಕೊಂಡರು.

ಮಾಳಪ್ಪ ಬಗ್ಗಿ ನೋಡಿದ. “ಕಾಲ್ಗುಣ ಅಲ್ರಿ, ಕೋಲಿನ ಗುಣ. ಅರ್ಥ ಇದರಾಗಿಂದ ಹೊಂಟೈತಿ. ಗೂಟಕ್ಕ ರಬ್ಬರ್ ಸುತ್ತಿದವರು ಯಾರ್ರಿ?”

ಮಹಾಲಿಂಗಪ್ಪ ಮಳೆ ಬರುತ್ತದೋ ಎಂದು ಆಕಾಶ ನೋಡತೊಡಗಿದ. ಮೋಡ ಇರಲಿಲ್ಲ.

“ಹಂಗಾರ ಸಾಬ್ರು ಅರ್ಥ ಇಲ್ಲ ಅಂದದ್ದು ಡಬ್ಬಿಗಲ್ಲ ಬಿಡು” ಎಂದಳು ಸರೋಜವ್ವ ಮಾಳಪ್ಪನತ್ತ ತಿರುಗಿ.

ಸೋತರೂ ಮೀಸೆ ಮಣ್ಣಾಗಬಾರದು. “ಟ್ಯೂಬ್ ಬಿಚ್ಚಿದ್ರ ಮತ್ತ ಖಡಖಡ ಅಂತೈತಿ” ಎಂದ ಮಹಾಲಿಂಗಪ್ಪ. “ಚನ್ನವೀರ ಹಿಂಗ ಕೊಂಡಿ ಮ್ಯಾಲೆ ಕುಂತು ಕೋಲು ಹಿಡಕೊಂಡು ಬರಲಿ. ಹುಲಗೂರೇನು ದೂರ?”

ಚನ್ನವೀರಪ್ಪ, “ಆಗಲಿ ಮಾವ, ಕುಂದರ್ತೇನಿ” ಎಂದು ಮೆಲ್ಲಗೆ ಅಂದು, ಸೊಟ್ಟ ಕಾಲನ್ನು ಕೈಯಿಂದ ಎತ್ತಿ ಕೊಂಡಿಯ ಮೇಲಿಡಲು ನೋಡಿದ. ಆ ಕಾಲು ಏರಲಿಲ್ಲ. ಮಹಾಲಿಂಗಪ್ಪನಿಗೆ ಭೂಮಿ ಬಾಯ್ಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು. ಭಾವಮೈದುನನ ರಟ್ಟೆ ಹಿಡಿದು ಈಚೆ ಸರಿಸಿ, ಒಳಗಿನಿಂದ ಕುಡುಗೋಲು ತಂದು, ಟ್ಯೂಬು ಕೊಯ್ದು ಗೂಟದ ಬಣ್ಣ ಕೆರೆದ.

ತಿಳವಳ್ಳಿಯಿಂದ ಹುಲಗೂರಿನವರೆಗೆ ಕೊಂಡಿ ಹಲ್ಲು ಕಡಿಯುತ್ತಲೇ ಬಂತು. ಚನ್ನವೀರಪ್ಪ ಡಬ್ಬಿಯ ಹಿಂಬದಿಗೆ, ದೀಪದ ಮೇಲೆಯೇ ಕುಳಿತಿದ್ದ. ಕತ್ತಲಾದ ಮೇಲೆ ಹಿಂದಿನಿಂದ ಸೈಕಲ್ಲಿನವರು ಬಂದಾಗಲೆಲ್ಲ ಬಗ್ಗಿ, ಅದು ಉರಿಯುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದ.

ಬೀಗರು ಕಂದೀಲು ಹಿಡಿದು ಊರ ಹೊರಗೇ ಬಂದು ನಿಂತಿದ್ದರು. “ಬರ್ರಿ ಬೀಗರ, ಸಪ್ಪಳ ಕೇಳೇ ಬಂದ್ವಿ. ಖಡಖಡ ಇನ್ನೂ ಹೋಗಿಲ್ಲಲ್ರಿ?”

“ಅದು ಸಪ್ಪಳಲ್ರಿ” ಎಂದ ಮಹಾಲಿಂಗಪ್ಪ ಇಳಿಯುತ್ತ, “ಅರ್ಥ.”

ಬೀಗರಿಗೆ ಏನೂ ತಿಳಿಯಲಿಲ್ಲ. ಸರೋಜವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು, ಕೆಂಪು ಬೆಳಕಿನಲ್ಲಿ ತಮ್ಮನ ಕೈ ಹಿಡಿದು ಇಳಿಸಿಕೊಂಡಳು.