ಎಲ್ಲದಕ್ಕೂ 'ಇಲ್ಲ' ಒತ್ತಿದವನು

"ನಿಮ್ಮ ಉತ್ತರ ನೋಡಿದ್ರೆ ನೀವು ನನಗಿಂತ ಆರಾಮಾಗಿದ್ದೀರಿ, ಸರ್," ಎಂದಳು ಫೋನಿನ ವಿಡಿಯೊ ಕರೆಯಲ್ಲಿದ್ದ ಆಸ್ಪತ್ರೆಯ ಆಪ್ತ ಸಮಾಲೋಚಕಿ. "ಹೀಗೇ ಇದ್ರೆ ಈ ವಾರಕ್ಕೇ ನಮ್ಮ ಮಾತುಕತೆ ಮುಗಿಸಿಬಿಡ್ತೀವಿ."

ಕ್ಷೌರಿಕ ತಲೆಯಾಡಿಸಿದ. ಹೃದಯದ ಆಪರೇಷನ್ ಆದಮೇಲೆ ಆಸ್ಪತ್ರೆಯವರು ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಬೆಳಗಾದರೆ ಅದು ನೆಂಟರ ಹಾಗೆ ವಿಚಾರಿಸುತ್ತಿತ್ತು: ಕೆಟ್ಟ ಕನಸು ಬಿತ್ತೇ, ಬೆಚ್ಚಿಬಿದ್ದಿರಾ, ಐಸಿಯುವಿನ ನೆನಪು ಕಾಡಿತೇ. ಇವನು ಎಲ್ಲದಕ್ಕೂ 'ಇಲ್ಲ' ಒತ್ತಿ ಫೋನನ್ನು ಮಗುಚಿ ಇಡುತ್ತಿದ್ದ.

ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. ಇಷ್ಟು ಆರಾಮಾಗಿರೋರು ಅಂಗಡಿ ಯಾಕೆ ತೆಗೀತಿಲ್ಲ ಕೇಳಮ್ಮ ಎಂದು ಫೋನಿನೆದುರಿಗೇ ಬಂದು, ಎಲ್ಲವನ್ನೂ ಒದರಿದಳು. ಮೊನ್ನೆ ಒಂದು ದಿನ ತೆಗೆದಿದ್ದ. ಮೊದಲ ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತಿ ಗಂಟು ಹಾಕುವಷ್ಟರಲ್ಲಿ ಇವನಿಗೇ ಉಸಿರು ಕಟ್ಟಿ, ಬೆವರಿಳಿದು, ಆ ಮನುಷ್ಯನನ್ನು ಹಾಗೇ ಎಬ್ಬಿಸಿ ಕಳಿಸಿದ್ದ. ಈಗ ಅಂಗಡಿಯನ್ನೇ ಯಾರಿಗಾದರೂ ವಹಿಸಿಬಿಡುವ ಮಾತಾಡುತ್ತಿದ್ದ.

ಸಮಾಲೋಚಕಿ ಬೈಯಲಿಲ್ಲ. ಮತ್ಯಾಕೆ 'ಇಲ್ಲ' ಅಂತ ಒತ್ತಿದಿರಿ ಎಂದಷ್ಟೇ ಕೇಳಿದಳು.

"ರೂಢಿಯಮ್ಮ," ಎಂದ. "ಕಟಿಂಗ್ ಮುಗಿಸಿ, ತಲೆ ಹಿಂದೆ ಕನ್ನಡಿ ಹಿಡಿದು ಹೇಗಿದೆ ಅಂತ ಕೇಳ್ತೀನಲ್ಲ, ಮನೆಗೆ ಹೋಗಿ ಟೋಪಿ ಹಾಕ್ಕೊಳ್ಳೋರೂ ಚೆನ್ನಾಗಿದೆ ಅಂತಾರೆ. ಅಷ್ಟು ಅಕ್ಕರೆಯಿಂದ ಕೇಳೋವಾಗ ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರಲ್ಲ."

ಹೆಂಗಸರಿಬ್ಬರೂ ನಕ್ಕರು. ಆಮೇಲೆ ಸಮಾಲೋಚಕಿ ಬಿಡಿಸಿ ಹೇಳಿದಳು. ಕಾಡುವ ನೆನಪನ್ನು ಸ್ವಂತ ದನಿಯಲ್ಲಿ ಫೋನಿಗೆ ಹೇಳಬೇಕು, ಅದರ ಮೊನೆ ಮೊಂಡಾಗುವ ತನಕ ಅದನ್ನೇ ಮತ್ತೆ ಮತ್ತೆ ಕೇಳಬೇಕು. ಸಾಕೆನಿಸಿದಾಗ ನಿಲ್ಲಿಸಬಹುದು, ತಾನೂ ಜೊತೆಗಿರುತ್ತೇನೆ. ಆದರೆ 'ಇಲ್ಲ' ಒತ್ತಿದವರಿಗೆ ಆ್ಯಪು ಆ ಪಾಠವನ್ನೇ ತೋರಿಸುವುದಿಲ್ಲ. ಇಷ್ಟು ಹೇಳಿ, ತನ್ನ ಕಡೆಯಿಂದಲೇ ಅದನ್ನು ತೆರೆದುಕೊಟ್ಟಳು.

ಪರದೆಯ ಮೇಲೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಮೂಡಿತು. ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ.

"ನೀನು ಒಳಗೆ ಹೋಗು."

"ಹೋಗಲ್ಲ ರೀ. ಅವತ್ತು ಆ ಐಸಿಯು ಬಾಗಿಲಾಚೆ ಕೂತಿದ್ದೇ ಸಾಕು."

ಅವನು ಗುಂಡಿ ಒತ್ತಿದ. ಎಚ್ಚರವಾದಾಗ ಗಂಟಲಲ್ಲಿ ನಳಿಗೆ ಇತ್ತು, ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಕೂಗಿದರೆ ದನಿಯೇ ಬರಲಿಲ್ಲ ಎಂದು ಶುರು ಮಾಡಿದ. ಬೆರಳು ನಿಲ್ಲಿಸಲೆಂದು ಗುಂಡಿಯ ತನಕ ಹೋಗಿ, ಒತ್ತದೆ, ಮಂಡಿಯ ಮೇಲೆ ಬಂದು ಕೂತಿತು. ಅವನು ಗಂಟಲು ಸರಿಮಾಡಿಕೊಂಡು ಮುಂದಿನ ಮಾತು ತೆಗೆದ.