ವಿಷ ಮೀಸೆಯಲ್ಲಿಲ್ಲ, ಮುಳ್ಳಿನಲ್ಲಿದೆ

ಮೀನು ಮಾರುಕಟ್ಟೆಯ ಹಿಂಭಾಗದಲ್ಲಿ, ನಲ್ಲಿಯ ಪಕ್ಕ, ಮೀನು ಕೊಯ್ದುಕೊಡುವ ಏಳು ಹೆಂಗಸರು ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬರ ಮುಂದೆ ಒಂದು ಮರದ ದಿಮ್ಮಿ, ಒಂದು ಕತ್ತಿ, ಒಂದು ಬಕೆಟ್ ನೀರು. ಮೀಸೆ ಮೀನು, ಅಂದರೆ ಪೇಟೆಯವರು ಕ್ಯಾಟ್‌ಫಿಶ್ ಎನ್ನುವ ಮೀನು ಬಂದರೆ ಅವರು ಮೊದಲು ಮಾಡುವ ಕೆಲಸ ಒಂದೇ. ಕತ್ತರಿ ತೆಗೆದು ಅದರ ಮೀಸೆಗಳನ್ನು ಕಚಕಚ ಕತ್ತರಿಸಿ ಎಸೆಯುತ್ತಾರೆ. ವಿಷ ಇರುವುದು ಮೀಸೆಯಲ್ಲಿ, ಮೀಸೆ ಹೋದ ಮೇಲೆ ಆ ಮೀನು ಹಸುವಿನಷ್ಟು ಸಾಧು ಎಂದು ಅವರ ನಂಬಿಕೆ.

ಸಾಲಿನಲ್ಲಿ ಮೂರನೆಯವಳಿಗೆ ಚುರುಕಮ್ಮ ಎಂದು ಹೆಸರು ಬಿದ್ದಿತ್ತು. ಬೇರೆಯವರು ಒಂದು ಮೀನು ಮುಗಿಸುವಷ್ಟರಲ್ಲಿ ಅವಳದು ಎರಡಾಗುತ್ತಿತ್ತು. ಮೀಸೆ ಕತ್ತರಿಸುವ ಪಾಠ ಅತ್ತೆಯಿಂದ ಅವಳಿಗೆ, ಅವಳಿಂದ ಮಗಳಿಗೆ ಬಂದಿತ್ತು. ಹದಿನೆಂಟು ವರ್ಷದಲ್ಲಿ ಮೀನು ಅವಳಿಗೆ ಎರಡು ಸಲ ಚುಚ್ಚಿತ್ತು. ಎರಡು ಸಲವೂ ಅವಳು, "ಮೀಸೆ ಬುಡದವರೆಗೆ ಕತ್ತರಿಸಿರಲಿಲ್ಲ, ನಂದೇ ತಪ್ಪು" ಎಂದಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು.

ವಾರಕ್ಕೊಮ್ಮೆ ಮೀನಿಗೆ ಬರುವ ಆಸ್ಪತ್ರೆಯ ನರ್ಸಮ್ಮ ಒಂದು ಬೆಳಗ್ಗೆ ಇದನ್ನು ನೋಡಿ ನಿಂತರು.

"ಮೀಸೆ ಪಾಪ ಏನ್ ಮಾಡುತ್ತೆ ಚುರುಕಮ್ಮ? ಅದು ಮೀನಿಗೆ ಕೆಸರಲ್ಲಿ ತಡಕಾಡೋಕೆ ಇರೋದು. ಚುಚ್ಚೋದು ಮುಳ್ಳು. ಬೆನ್ನಿನ ರೆಕ್ಕೆಯಲ್ಲಿ ಒಂದು, ಕಿವಿರಿನ ಹಿಂದೆ ಆ ಕಡೆ ಒಂದು, ಈ ಕಡೆ ಒಂದು. ವಿಷ ಇರೋದು ಆ ಮುಳ್ಳಿನ ಮೇಲಿನ ತೊಗಲಲ್ಲಿ."

"ಹಾಗಾದ್ರೆ ಇದನ್ನ ತಿಂದೋರೆಲ್ಲ ಇಷ್ಟು ಹೊತ್ತಿಗೆ ಮಲಗ್ಬೇಕಿತ್ತಲ್ಲ?"

"ತಿಂದ್ರೆ ಏನೂ ಆಗಲ್ಲ. ಆ ವಿಷ ಮಾಂಸದಲ್ಲಿಲ್ಲ. ಮುಳ್ಳು ಚುಚ್ಚಿದ್ರೆ ಮಾತ್ರ."

"ಸತ್ತ ಮೀನು ಯಾರಿಗೆ ಚುಚ್ಚುತ್ತೆ ಬಿಡಿ ನರ್ಸಮ್ಮ."

"ಮೀನು ಸತ್ತರೂ ಮುಳ್ಳು ಸಾಯಲ್ಲ. ಚಿಕ್ಕ ಮೀನಿಂದಂತೂ ಇನ್ನೂ ಚೂಪು. ಒಂದು ಜೊತೆ ದಪ್ಪ ಗ್ಲೌಸು ಹಾಕ್ಕೊಳ್ಳೋಕೆ ಏನು?"

"ಗ್ಲೌಸು ಹಾಕಿದ್ರೆ, ಮೀನು ಹಳಸಿದೆ, ಇವಳೇ ಮುಟ್ಟೋಕೆ ಹೇಸ್ತಾಳೆ ಅಂತಾರೆ. ನೀವು ಸೂಜಿ ಚುಚ್ಚುವಾಗ ನಾನು ಬಂದು ಬುದ್ಧಿ ಹೇಳಿದ್ದೀನಾ?"

ಇಡೀ ಸಾಲು ನಕ್ಕಿತು. ನರ್ಸಮ್ಮನೂ ನಕ್ಕು ಮೀನು ತೆಗೆದುಕೊಂಡು ಹೋದರು. ಆ ನಗುವೇ ಚುರುಕಮ್ಮನಿಗೆ ಮುಳುವಾಯಿತು.

ಮೂರನೇ ದಿನ ಬುಟ್ಟಿಯಲ್ಲಿ ಗೇಣುದ್ದದ ಮೀಸೆ ಮೀನುಗಳು ಬಂದವು. ಹಿಂದಿನ ದಿನದಿಂದ ಐಸಿನಲ್ಲಿದ್ದವು, ಜೀವ ಯಾವಾಗಲೋ ಹೋಗಿತ್ತು. ಚುರುಕಮ್ಮ ಒಂದರ ಮೀಸೆಗಳನ್ನು ಬುಡದವರೆಗೆ ಕತ್ತರಿಸಿ ಬರಿಗೈಯಲ್ಲಿ ಹಿಡಿದಳು. ಮೀನು ಜಾರಿತು. ಪಕ್ಕದ ಮುಳ್ಳು ಮೊಳೆಯಂತೆ ಸೆಟೆದು ನಿಂತಿತ್ತು. ಅದು ಅವಳ ಬಲಗೈಯ ನಡುಬೆರಳಿಗೆ ಇಳಿಯಿತು. ಅವಳು ಕೈ ಎಳೆದುಕೊಂಡ ರಭಸಕ್ಕೆ ಅಲ್ಲೇ ಮುರಿಯಿತು.

ಉರಿ ಮೊಣಕೈವರೆಗೆ ಏರಿತು. ಪಕ್ಕದ ದಿಮ್ಮಿಯವಳು ತಡಮಾಡದೆ ತನಗೆ ತಿಳಿದ ಮದ್ದು ಮಾಡಿದಳು. ಅದೇ ಮೀನಿನ ಲೋಳೆ ತೆಗೆದು ಗಾಯಕ್ಕೆ ಸವರಿದಳು. ಮಣಿಕಟ್ಟಿಗೆ ಹುರಿ ಬಿಗಿದಳು. ಆಮೇಲೆ ಕೈಯನ್ನು ಐಸಿನ ಪೆಟ್ಟಿಗೆಯೊಳಗೆ ಹೂತಳು. ಮೀನು ಮಾರುವವರಿಗೆ ಐಸಿಗಿಂತ ದೊಡ್ಡ ದೇವರಿಲ್ಲ. ಮೀನನ್ನು ಕೆಡದಂತೆ ಕಾಯುವುದು ಕೈಯನ್ನು ಕಾಯದೇ ಎಂದುಕೊಂಡರು. ಬೆರಳು ಮರಗಟ್ಟಿದ ಮೇಲೆ ಚುರುಕಮ್ಮ ಹುರಿ ಬಿಚ್ಚಿ, ಚಿಂದಿ ಸುತ್ತಿ, ಮತ್ತೆ ಅದೇ ಮೀನಿನ ನೀರಿಗೆ ಕೈ ಹಾಕಿ ಕೆಲಸ ಮುಗಿಸಿದಳು.

ಅವಳಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತು. ಮರುದಿನ ಬೆರಳು ಊದಿತು. ಅದರ ಮರುದಿನ ಕೆಂಪು ಅಂಗೈಗೆ ಇಳಿಯಿತು. ಮಾರುಕಟ್ಟೆಯಲ್ಲೇ ಐಸ್ ಹೊರುವ ಗಂಡ, "ಆಸ್ಪತ್ರೆಗೆ ಹೋಗೋಣ ಬಾ" ಎಂದ.

"ಹೋದ್ರೆ ಆ ನರ್ಸಮ್ಮನ ಮುಖ ನೋಡ್ಬೇಕು. ಎರಡು ದಿನ ತಡೀರಿ, ತಾನೇ ಹೋಗುತ್ತೆ."

ನಾಲ್ಕನೇ ದಿನ ನರ್ಸಮ್ಮನೇ ಮೀನಿಗೆ ಬಂದರು. ಚುರುಕಮ್ಮ ಬಲಗೈಯನ್ನು ಪ್ಲಾಸ್ಟಿಕ್ ಏಪ್ರನ್ನಿನ ಕೆಳಗೆ ಅಡಗಿಸಿಕೊಂಡಳು.

"ಕೈಗೇನಾಯ್ತು?"

"ಕತ್ತಿ ತಾಗ್ತು. ಸಣ್ಣದು."

"ತೋರ್ಸು ನೋಡೋಣ."

"ಗಿರಾಕಿ ಕಾಯ್ತಿದ್ದಾರೆ ನರ್ಸಮ್ಮ, ಇನ್ನೊಂದು ದಿನ."

ಹೆಜ್ಜೆ ದೂರದಲ್ಲಿ ನಿಂತಿದ್ದ ಸಹಾಯವನ್ನು ಅವಳು ಹೀಗೆ ಬರಿಮಾತಿನಲ್ಲಿ ಸಾಗಹಾಕಿದಳು. ಬೆರಳು ಕಪ್ಪಾಗುತ್ತಾ ಮತ್ತೆ ಮೂರು ದಿನ ಚಿಂದಿಯೊಳಗೇ ಇತ್ತು. ಕೊನೆಗೆ ಬಟ್ಟೆ ಬಿಚ್ಚಿಸಿದ್ದು ಮಗಳು. ವಾಸನೆಗೆ ಅವಳು ಮುಖ ತಿರುಗಿಸಿದಳು, ಅಳುತ್ತಲೇ ಅಪ್ಪನನ್ನು ಕೂಗಿದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನೋಡಿದಾಗ ಮುಳ್ಳಿನ ತುಂಡು ಒಳಗೇ ಇತ್ತು. ಕೀವು ಪಕ್ಕದ ಬೆರಳಿಗೂ ಹಬ್ಬಿತ್ತು. "ಮೊದಲ ದಿನ ಬಂದಿದ್ರೆ ತುಂಡು ತೆಗೆದು, ಗಾಯ ತೊಳೆದು, ಧನುರ್ವಾಯುವಿನ ಇಂಜೆಕ್ಷನ್, ಮಾತ್ರೆ ಕೊಟ್ಟು ಕಳಿಸ್ತಿದ್ದೆ" ಎಂದರು ಡಾಕ್ಟರು. ಉಗುರಿನಲ್ಲಿ ಹೋಗಬೇಕಾದದ್ದಕ್ಕೆ ಕೊಡಲಿ ಬೇಕಾಯಿತು. ನಡುಬೆರಳು, ಅದರ ಪಕ್ಕದ ಬೆರಳು ಎರಡನ್ನೂ ತೆಗೆದರು. ಉಳಿದ ಮೂರೂ ಮಡಚದಂತಾದವು.

ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಬಾಟಲಿಯ ಮುಚ್ಚಳ ತೆಗೆಯಲು ಗಂಡ ಬೇಕು, ತಲೆ ಬಾಚಲು ಮಗಳು ಬೇಕು. "ನನ್ನ ಹತ್ರ ಇದ್ದದ್ದು ಕೈ ಒಂದೇ. ಅದೂ ಹೋಯ್ತು, ಇನ್ನು ನಾನು ಯಾಕಿರ್ಬೇಕು" ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಗಂಡ ಅವಳ ಕಾಲ ಬಳಿ ಕೂತು ಮಾತ್ರೆ, ನೀರು ಚಾಚುತ್ತಿದ್ದ.

ದಿಮ್ಮಿ ಖಾಲಿ ಬಿಟ್ಟರೆ ಬೇರೆಯವರು ಬಂದು ಕೂರುತ್ತಾರೆ. ಅದಕ್ಕೆ ಮಗಳು ತಾನೇ ಕೂರುತ್ತೇನೆಂದಳು. ಕೈ ಕುದುರಲಿ ಎಂದು ಒಂದು ಮೀಸೆ ಮೀನನ್ನು ಮನೆಗೆ ತಂದು ತಟ್ಟೆಯಲ್ಲಿಟ್ಟಳು. ಕತ್ತರಿ ತೆಗೆದಳು. ಒಂದೊಂದೇ ಮೀಸೆಯನ್ನು ಬುಡದವರೆಗೆ ಕತ್ತರಿಸಿದಳು, ಅಮ್ಮ ಕಲಿಸಿದಂತೆಯೇ. ಆಮೇಲೆ ಬರಿಗೈ ಮೀನಿನ ಕಡೆ ಚಾಚಿದಳು.

ಮಲಗಿದ್ದಲ್ಲಿಂದ ಚುರುಕಮ್ಮ ಅದನ್ನು ಕಂಡಳು. ತನ್ನ ಬೆರಳು ತಿಂದ ತಪ್ಪು ಮಗಳ ಕೈಗೆ ಹೋಗಿ ಕೂತಿದೆ, ಅದನ್ನು ಕೂರಿಸಿದವಳು ತಾನೇ. ಅವಳು ಎದ್ದು ಮೊಣಕೈಯಿಂದ ತಟ್ಟೆಯನ್ನೇ ನೆಲಕ್ಕೆ ತಳ್ಳಿಬಿಟ್ಟಳು.

"ಮುಟ್ಬೇಡ. ಹೋಗಿ ನರ್ಸಮ್ಮನ್ನ ಕರ್ಕೊಂಡು ಬಾ."

"ಯಾಕಮ್ಮ? ಮೀಸೆ ತೆಗೆದಾಯ್ತಲ್ಲ. ನೀನೇ ಹೇಳ್ಕೊಟ್ಟಿದ್ದು, ಅಜ್ಜಿ ಹೇಳ್ಕೊಟ್ಟಿದ್ದು. ಎಲ್ಲಾ ಸುಳ್ಳಾ?"

"ಸುಳ್ಳೇ. ನಮಗೆ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಹೇಳಿದಾಗ ನಾನು ಹಲ್ಲು ಕಿರಿದೆ."

ನರ್ಸಮ್ಮ ದಪ್ಪ ಗ್ಲೌಸು, ತಂತಿ ಕತ್ತರಿಸುವ ಒಂದು ಇಕ್ಕಳ ಹಿಡಿದು ಬಂದರು. 'ನಾನಾಗಲೇ ಹೇಳಿದ್ದೆ' ಎನ್ನಲಿಲ್ಲ. ಮಗಳಿಗೆ ಗ್ಲೌಸು ತೊಡಿಸಿ, ಮೀನನ್ನು ಒದ್ದೆ ಗೋಣಿತುಂಡಿನಿಂದ ಮಣೆಗೆ ಒತ್ತಿಸಿದರು. "ಮೊದಲು ಮೂರು ಮುಳ್ಳು ಎಲ್ಲಿವೆ ನೋಡ್ಕೋ. ಇಕ್ಕಳದಲ್ಲಿ ಬುಡ ಹಿಡಿದು ಕತ್ತರಿಸು. ಕತ್ತರಿಸಿದ ಮುಳ್ಳನ್ನ ನೆಲಕ್ಕೆಸೀಬೇಡ, ಬರಿಗಾಲಿಗೆ ಚುಚ್ಚುತ್ತೆ. ಮುಚ್ಚಳ ಇರೋ ಡಬ್ಬಿಗೆ ಹಾಕು. ಆಮೇಲೆ ಮೀನು ಕೊಯ್ಯಿ."

"ಇಷ್ಟು ಮಾಡಿದ್ರೂ ಚುಚ್ಚಿದ್ರೆ?" ಮಗಳು ಕೇಳಿದಳು.

"ಐಸಲ್ಲ, ಬಿಸಿನೀರು. ನೋವಿಲ್ಲದ ಕೈ ಅದ್ದಿ ನೋಡು, ಅದು ತಡ್ಕೊಳ್ಳೋವಷ್ಟು ಬಿಸಿ ಇರ್ಲಿ, ಸುಡಬಾರದು. ಅದರಲ್ಲಿ ಗಾಯ ಅರ್ಧ ಗಂಟೆಯಿಂದ ಒಂದೂವರೆ ಗಂಟೆವರೆಗೆ ಇಡು. ಉರಿ ಇಳಿಯುತ್ತೆ. ಸೋಪು ಹಾಕಿ ಶುದ್ಧ ನೀರಲ್ಲಿ ತೊಳಿ. ಕೊಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು, ಲೋಳೆ ಹಚ್ಚೋದು ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಬಾ."

ಚುರುಕಮ್ಮ ತನ್ನ ಬಲಗೈ ನೋಡಿಕೊಂಡು ಕೇಳಿದಳು. "ಅವತ್ತು ನೀವು ತೋರ್ಸು ಅಂದಾಗ ತೋರಿಸಿದ್ರೆ?"

ನರ್ಸಮ್ಮ ಸುಳ್ಳು ಸಮಾಧಾನ ಹೇಳುವವರಲ್ಲ. "ಬಹುಶಃ ಎರಡೂ ಬೆರಳು ಉಳೀತಿದ್ವು."

ಚುರುಕಮ್ಮ ಅವತ್ತು ಅತ್ತಷ್ಟು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಈಗ ಮಗಳು ಗ್ಲೌಸು ತೊಟ್ಟು ಮೂರನೇ ದಿಮ್ಮಿಯಲ್ಲಿ ಕೂರುತ್ತಾಳೆ. ಅಮ್ಮ ಹಿಂದೆ ಸ್ಟೂಲಿನ ಮೇಲೆ ಕೂತು ಪಕ್ಕದವಳಿಗೆ ದಿನವೂ ಹೇಳುತ್ತಾಳೆ, "ಮೀಸೆ ಬಿಡೇ, ಮುಳ್ಳು ನೋಡು." ಪಕ್ಕದವಳು, "ನಿನಗೆ ಸಕ್ಕರೆ ಕಾಯಿಲೆ ಇತ್ತು, ಅದಕ್ಕೆ ಹಾಗಾಯ್ತು" ಎಂದು ಕತ್ತರಿ ಎತ್ತಿಕೊಳ್ಳುತ್ತಾಳೆ. ಕಚಕಚ ಸದ್ದು ನಿಂತಿಲ್ಲ. ಚುರುಕಮ್ಮನಿಗೆ ಈಗ ತನ್ನ ಕೈಗಿಂತ ಹೆಚ್ಚು ಸಂಕಟ ಕೊಡುವುದು ಅದೇ ಸದ್ದು.

ಮೀನು ಹಿಡಿಯುವ, ಮಾರುವ, ಕೊಯ್ಯುವ, ಅಡುಗೆಮನೆಯಲ್ಲಿ ತೊಳೆಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವಾದರೂ ಅವಳ ಮಾತು ಕೇಳಿ. ಮೀಸೆ ಮೀನನ್ನು ಬರಿಗೈಯಲ್ಲಿ ಹಿಡಿಯಬೇಡಿ, ಸತ್ತಿದ್ದರೂ ಸರಿ. ಮೊದಲು ಮೂರು ಮುಳ್ಳು ತೆಗೆಯಿರಿ. ಚುಚ್ಚಿದರೆ ಬಿಸಿನೀರಿನಲ್ಲಿಟ್ಟು, ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ನಾಚಿಕೆಗೆ ಗಾಯ ಮುಚ್ಚಿಡಬೇಡಿ. ಈ ಕಾಗದ ಹಿಡಿದಿರುವ ನಿಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಳ್ಳಿ. ಅವು ಇನ್ನೂ ನಿಮ್ಮ ಹತ್ತಿರವೇ ಇವೆ.