ಮುರ್ದೋನ ಹದಿನಾಲ್ಕು ಮಂದಿ

ನೀಲಿ ಕಾರು ಬಂದರಿನ ಗೋಡೆಯ ಪಕ್ಕ ಬಂದು ನಿಂತು ಬಹಳ ಹೊತ್ತಾಗಿತ್ತು. ಮುರ್ದೋ ಇನ್ನೂ ಇಳಿದಿರಲಿಲ್ಲ. ದೋಣಿಯಲ್ಲಿ ಕೂತು ಏಡಿ ಹಿಡಿಯುವ ಬುಟ್ಟಿಗೆ ಹುರಿ ಹೆಣೆಯುತ್ತಿದ್ದ ಡೂಗಲ್, ಕೆಲಸದಲ್ಲಿ ಮುಳುಗಿದವನಂತೆ ತಲೆ ಬಗ್ಗಿಸಿಕೊಂಡು ಕಾರಿನ ಗಾಜನ್ನೇ ಓರೆಗಣ್ಣಿನಿಂದ ನೋಡುತ್ತಿದ್ದ. ಒಳಗಿದ್ದ ಇಬ್ಬರೂ ಮಾತಾಡುತ್ತಿರಲಿಲ್ಲ. ಅವನಿಗೆ ಹೆಚ್ಚು ಚುಚ್ಚಿದ್ದೇ ಅದು. ಮುರ್ದೋನ ಪಕ್ಕದಲ್ಲಿ ಮಾತಿಲ್ಲದೆ ಕೂರುವ ಹಕ್ಕು ಮೂವತ್ತು ವರ್ಷದಿಂದ ಡೂಗಲನೊಬ್ಬನದೇ ಆಗಿತ್ತು.

ಊರಿನ ಸಾಮಾನ್ಯ ಜನರೇ ಕೂತು ತೀರ್ಪು ಹೇಳುವ ಜ್ಯೂರಿಗೆ ಬರಬೇಕೆಂದು ಕೋರ್ಟಿನಿಂದ ಕರೆ ಬಂದದ್ದು ಇಬ್ಬರಿಗೂ. ಒಂದೇ ಬಸ್ಸಿನಲ್ಲಿ ಇನ್ವರ್ನೆಸ್ ಪಟ್ಟಣಕ್ಕೆ ಹೋಗಿ, ಕೋರ್ಟಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ಚೀಟಿ ಎತ್ತಿದಾಗ ಮುರ್ದೋನ ಹೆಸರು ಬಂತು, ಡೂಗಲನದು ಬರಲಿಲ್ಲ. ಎರಡು ವರ್ಷದ ಮಗುವಿನ ಕೊಲೆಯ ಮೊಕದ್ದಮೆ. ವಾರಗಟ್ಟಲೆ ನಡೆಯುತ್ತದೆ ಎಂದರು. ಕೋರ್ಟು ಕೊಡುವ ಪರಿಹಾರದಲ್ಲಿ ದೋಣಿಯವನ ಜೀವನ ನಡೆಯುವುದಿಲ್ಲ. ಮುರ್ದೋ ಮದುವೆಯಾಗದವನು, ಕೂಡಿಟ್ಟದ್ದೂ ಏನಿಲ್ಲ. "ನಿನ್ ಬುಟ್ಟಿನೂ ನಾನೇ ಎತ್ತುತೀನಿ, ಬಂದಿದ್ರಲ್ಲಿ ಅರ್ಧ ನಿಂದು" ಎಂದು ಡೂಗಲ್ ಅಂದೇ ಹೇಳಿಬಿಟ್ಟಿದ್ದ. ಹಾಗೇ ನಡೆದುಕೊಂಡೂ ಇದ್ದ. ಅವನ ಹೆಂಡತಿ ಇಶ್‌ಬೆಲ್ ದಿನವೂ ಸಾರು, ಬ್ರೆಡ್ಡು ಕಟ್ಟಿ ಕಳಿಸುತ್ತಿದ್ದಳು. ಇಷ್ಟೆಲ್ಲ ಮಾಡುವವರು ತಾವು, ಆದರೆ ಮುರ್ದೋನ ಬಾಯಲ್ಲಿ ಬರುತ್ತಿದ್ದುದು ಊನಾಳ ಹೆಸರು.

ಊನಾ ಜ್ಯೂರಿಯಲ್ಲಿದ್ದ ಹದಿನೈದು ಜನರಲ್ಲಿ ಒಬ್ಬಳು. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದಳಂತೆ. ಬಸ್ಸಿಗೆ ಕಾಯುವುದು ಬೇಡವೆಂದು ಮುರ್ದೋನನ್ನು ಸಂಜೆ ತಾನೇ ತನ್ನ ನೀಲಿ ಕಾರಿನಲ್ಲಿ ತಂದು ಬಿಡತೊಡಗಿದ್ದಳು. ಮಂಡಿನೋವಿಗೆ ಊನಾ ಯಾವುದೋ ಎಣ್ಣೆ ಹೇಳಿದಳು, ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡರೆ ಕೈ ನಡುಗುವುದಿಲ್ಲ ಎಂದಳು. ಸಕ್ಕರೆ ಕಂಡರೆ ಮುಖ ಸಿಂಡರಿಸುತ್ತಿದ್ದ ಮುರ್ದೋ ಈಗ ಸಕ್ಕರೆ ಹಾಕಿಕೊಳ್ಳುತ್ತಿದ್ದ.

"ಏನಪ್ಪ, ನಿನ್ ಹದಿನಾಲ್ಕು ಮಂದಿ ನೆಂಟ್ರು ಹೆಂಗಿದಾರೆ?" ಎಂದು ಡೂಗಲ್ ಕೆಣಕುತ್ತಿದ್ದ. ಮುರ್ದೋ ನಗುತ್ತಿದ್ದ. ಮೊಕದ್ದಮೆಯ ಮಾತು ತೆಗೆದರೆ ಮಾತ್ರ ನಗು ನಿಲ್ಲುತ್ತಿತ್ತು.

"ಹೇಳಂಗಿಲ್ಲ ಕಣೋ."

"ನನ್ ಹತ್ರನೂ?"

"ನಿನ್ ಹತ್ರನೂ."

ಕೊನೆಗೆ ತೀರ್ಪು ಬಂತು. ಮಗುವಿನ ಮಲತಂದೆಗೆ ಶಿಕ್ಷೆಯಾಯಿತು. ಡೂಗಲ್ ಒಳಗೊಳಗೇ ಹಿಗ್ಗಿದ, ಇನ್ನು ನೀಲಿ ಕಾರು ಬರುವುದಿಲ್ಲ. ಆದರೆ ದೋಣಿಗೆ ಮರಳಿ ಬಂದ ಮುರ್ದೋ ಅರ್ಧದಷ್ಟೇ ಬಂದ ಹಾಗಿತ್ತು. ಹಗ್ಗ ಎಳೆಯುತ್ತ ಎಳೆಯುತ್ತ ಕೈ ನಿಂತುಬಿಡುತ್ತಿತ್ತು. ಇಶ್‌ಬೆಲ್ ಕಟ್ಟಿಕೊಟ್ಟ ಡಬ್ಬಿ ಮುಚ್ಚಳ ತೆಗೆಯದೆ ವಾಪಸ್ಸಾಗುತ್ತಿತ್ತು. ಮೊಕದ್ದಮೆ ಮುಗಿದರೂ ಜ್ಯೂರಿಯ ಕೋಣೆಯೊಳಗೆ ಆಡಿದ ಮಾತನ್ನು ಸಾಯುವವರೆಗೂ ಹೊರಗೆ ಹೇಳುವಂತಿಲ್ಲ, ಅದು ಕಾನೂನು. ಡೂಗಲನಿಗೂ ಅದು ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ತಣ್ಣಗಾಗಲಿಲ್ಲ.

ಇಶ್‌ಬೆಲ್ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿದ್ದ ಒಂದು ಸಂಜೆ ಡೂಗಲನ ಮನೆಯ ಫೋನು ಹೊಡೆದುಕೊಂಡಿತು. ಊನಾ. ಮುರ್ದೋ ಫೋನೇ ಎತ್ತುತ್ತಿಲ್ಲವೆಂದು ಇಲ್ಲಿಗೆ ಮಾಡಿದ್ದಳು. ಜ್ಯೂರಿಯಲ್ಲಿದ್ದವರೆಲ್ಲ ಸೇರಿ ಒಬ್ಬ ಆಪ್ತಸಮಾಲೋಚಕಿಯನ್ನು ಗೊತ್ತುಮಾಡಿದ್ದೇವೆ, ಗುರುವಾರ ಸಂಜೆ ಇನ್ವರ್ನೆಸ್ಸಿನ ಲೈಬ್ರರಿಯ ಮಹಡಿಯಲ್ಲಿ ಸೇರುತ್ತೇವೆ, ಮುರ್ದೋ ಅವರಿಗೆ ತಿಳಿಸಿ ಎಂದಳು.

"ಅವರು ಬರಲೇಬೇಕು. ಕೊನೇ ದಿನ ಕೋಣೇಲಿ ಅವರು..." ಎಂದವಳು ಅಲ್ಲಿಗೇ ತಡೆದಳು.

"ಅವನು ಏನು?"

"ಕ್ಷಮಿಸಿ, ಅದು ನಿಮಗೆ ಹೇಳೋ ಹಾಗಿಲ್ಲ."

ತಿಳಿಸುತ್ತೇನೆಂದು ಡೂಗಲ್ ಫೋನಿಟ್ಟ. ತಿಳಿಸಲಿಲ್ಲ. ಮಾರನೆಯ ದಿನ ಹೇಳಿದರಾಯಿತು ಎಂದುಕೊಂಡ, ಮಾರನೆಯ ದಿನವೂ ಹೇಳಲಿಲ್ಲ. ಗುರುವಾರ ಬಂದಾಗ ಮಧ್ಯಾಹ್ನವೇ ದೋಣಿ ಬಿಚ್ಚಿ, ಕೊಲ್ಲಿಯಾಚೆಗೆ ಹಾಕಿದ ಬುಟ್ಟಿಗಳನ್ನು ನೋಡಿ ಬರೋಣವೆಂದು ಮುರ್ದೋನನ್ನು ದೂರಕ್ಕೆ ಕರೆದೊಯ್ದ.

ಅಲ್ಲಿ ಖಾಲಿ ಬುಟ್ಟಿಗಳನ್ನು ಮತ್ತೆ ನೀರಿಗೆ ಬಿಡುತ್ತಿದ್ದಾಗ ಡೂಗಲ್ ತಿರುಗಿ ನೋಡಿದ. ಬುಟ್ಟಿಗಳ ಭಾರಕ್ಕೆ ಸರಸರನೆ ನೀರಿಗೆ ಓಡುತ್ತಿದ್ದ, ಕಾಲಿಗೆ ಬಿಗಿದರೆ ಮನುಷ್ಯನನ್ನೇ ಎಳೆದೊಯ್ಯುವ ಹಗ್ಗದ ಒಂದು ಸುತ್ತಿನೊಳಗೆ ಮುರ್ದೋನ ಬೂಟು ಇತ್ತು. ಮುರ್ದೋ ಅದನ್ನೇ ನೋಡುತ್ತಿದ್ದ, ಕಾಲು ತೆಗೆಯುತ್ತಿರಲಿಲ್ಲ. ಡೂಗಲ್ ಎಂಜಿನ್ ಬಿಟ್ಟು ಹಾರಿ ಅವನ ಎದೆಗೆ ಕೈಯಿಟ್ಟು ತಳ್ಳಿ ಹಿಂದಕ್ಕೆ ಕೆಡವಿದ. ಹಗ್ಗ ಬೂಟನ್ನು ಕಿತ್ತುಕೊಂಡು ನೀರಿಗಿಳಿಯಿತು. ಇಬ್ಬರೂ ದೋಣಿಯ ತಳದಲ್ಲಿ ಉಸಿರು ಬಿಡುತ್ತ ಬಿದ್ದಿದ್ದರು. ಆಮೇಲೆ ಡೂಗಲ್ ಎದ್ದು ದೋಣಿಯನ್ನು ದಡದ ಕಡೆಗೆ ತಿರುಗಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ದೋಣಿಯ ಬಳಿ ಇದ್ದಾಗ ನೀಲಿ ಕಾರು ಬಂತು. ಊನಾ ಕೆಳಗಿಳಿದು ಬಂದಳು. ಕುಳ್ಳಗೆ, ದಪ್ಪಗೆ, ನರೆತ ಕೂದಲಿನ ಹೆಂಗಸು. ಅವಳ ಕಣ್ಣುಗಳೂ ನಿದ್ದೆಗೆಟ್ಟು ಊದಿಕೊಂಡಿದ್ದವು.

"ನಿನ್ನೆ ನಿಮಗೋಸ್ಕರ ಒಂದು ಕುರ್ಚಿ ಕೊನೇವರೆಗೂ ಖಾಲಿ ಇಟ್ಟಿದ್ವಿ. ಇವರು ಹೇಳಲಿಲ್ವಾ?" ಎಂದು ಮುರ್ದೋನನ್ನು ಕೇಳಿದಳು.

ಮುರ್ದೋ ಡೂಗಲನ ಕಡೆ ನೋಡಿದ. ಡೂಗಲ್ ನೀರಿನ ಕಡೆ ನೋಡಿದ.

"ಹೇಳಿದ್ದ. ನಾನೇ ಮರ್ತೆ" ಎಂದ ಮುರ್ದೋ.

ಮುಂದಿನ ಗುರುವಾರವೂ ಸೇರುತ್ತೇವೆಂದು ಹೇಳಿ ಅವಳು ಹೊರಟುಹೋದಳು. ತಪ್ಪಾಯಿತು ಎನ್ನಲು ಹೊರಟ ಡೂಗಲನ ಬಾಯಿಂದ ಬೇರೆಯೇ ಮಾತು ಬಂತು.

"ಮೂವತ್ತು ವರ್ಷ ಕಣೋ ಮುರ್ದೋ. ನಿನ್ನೆ ಮೊನ್ನೆ ಸಿಕ್ಕಿದವಳಿಗೆ ಎಲ್ಲಾ ಗೊತ್ತು. ನನಗೆ ಒಂದು ಅಕ್ಷರ ಇಲ್ಲ."

ಮುರ್ದೋ ಬುಟ್ಟಿಯ ಮೇಲೆ ಕೂತ. ಕೋಪ ಬರಬಹುದೆಂದು ಡೂಗಲ್ ಕಾದ. ಬರಲಿಲ್ಲ.

"ಕೋಣೇಲಿ ಆಡಿದ್ದು ಬಿಡು, ಅದನ್ನ ಯಾರಿಗೂ ಹೇಳಂಗಿಲ್ಲ. ಕೋರ್ಟಲ್ಲಿ ತೋರ್ಸಿದ್ದನ್ನ ನಿಂಗೆ ಹೇಳಬಹುದಿತ್ತು. ನಾನೇ ಹೇಳಲಿಲ್ಲ. ಮನೇಲಿ ಆ ಮಗು ಇದೆ. ಕಣ್ಣು ಮುಚ್ಚಿದ್ರೆ ಇದೆ. ಅಂಗಡಿಗೆ ಹೋದ್ರೆ ಅಲ್ಲೂ ಇದೆ. ಈ ದೋಣಿ ಒಂದ್ರಲ್ಲಿ ಮಾತ್ರ ಇರಲಿಲ್ಲ, ಅದಕ್ಕೇ ಇಲ್ಲಿ ಬಾಯಿ ಬಿಡ್ಲಿಲ್ಲ." ಬುಟ್ಟಿಯ ಹುರಿಯನ್ನು ಬೆರಳಿಗೆ ಸುತ್ತುತ್ತ ಅವನೇ ಹೇಳಿದ, "ನಿನ್ನೆ ಇಲ್ಲಿಗೂ ಬಂತು."

ಆ ದಿನ ಇಬ್ಬರೂ ಕಡಲಿಗೆ ಹೋಗಲಿಲ್ಲ.

ಮುಂದಿನ ಗುರುವಾರ ಡೂಗಲ್ ತನ್ನ ವ್ಯಾನಿನಲ್ಲಿ ಮುರ್ದೋನನ್ನು ಇನ್ವರ್ನೆಸ್ಸಿಗೆ ಕರೆದುಕೊಂಡು ಹೋದ. ಲೈಬ್ರರಿಯ ಮುಂದೆ ಅವನನ್ನು ಇಳಿಸಿ, ರಸ್ತೆಯ ಆಚೆ ಬದಿಗೆ ವ್ಯಾನು ನಿಲ್ಲಿಸಿದ. ಮಹಡಿಯ ಕಿಟಕಿಗೆ ಪರದೆ ಇರಲಿಲ್ಲ. ಮುರ್ದೋ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ, ಹೆಗಲು ಅಲುಗುತ್ತಿತ್ತು. ಊನಾಳ ಕೈ ಅವನ ಬೆನ್ನ ಮೇಲಿತ್ತು. ಅದನ್ನು ನೋಡುತ್ತ ಡೂಗಲನ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಸುಳಿಯಿತು. ಅವನು ಅಲ್ಲಿಂದ ದೃಷ್ಟಿ ಕಿತ್ತು ರಸ್ತೆಯ ಕಡೆ ತಿರುಗಿದ.

ಹೊರಗೆ ಚಳಿ ಏರುತ್ತಿತ್ತು. ಡೂಗಲ್ ಪಕ್ಕದ ಸೀಟಿನ ಮೇಲೆ ಹರಡಿದ್ದ ಹಗ್ಗ, ಇಕ್ಕಳ, ಒದ್ದೆ ಕೈಗವಸುಗಳನ್ನೆಲ್ಲ ಹಿಂದಕ್ಕೆ ಎಸೆದು, ತೋಳಿನಿಂದ ಸೀಟು ಒರೆಸಿದ. ಆಮೇಲೆ ಎಂಜಿನ್ ಚಾಲೂ ಮಾಡಿ, ಬಿಸಿಗಾಳಿ ಬರುವ ಕಿಂಡಿಯನ್ನು ಮುರ್ದೋ ಕೂರುವ ಆ ಸೀಟಿನ ಕಡೆಗೆ ತಿರುಗಿಸಿ ಕೂತ.